ಸಂಗೀತ ಸಾಧನ ಮತ್ತು ಡ್ಯಾಕ್ ನಡುವಿನ ಕೇಬಲ್: ಆಯ್ಕೆ, ದಾಸ್ತಾನು ಮತ್ತು ವರ್ತಕರ ಹೊಣೆ

ಕಿಸೆಯಲ್ಲಿ ಹಿಡಿಯುವ ಸಂಗೀತ ಸಾಧನಕ್ಕೆ ಅಥವಾ ಮೊಬೈಲ್ ಫೋನಿಗೆ ಪ್ರತ್ಯೇಕವಾದ ಧ್ವನಿ ಪರಿವರ್ತಕವನ್ನು ಜೋಡಿಸಿ ಹಾಡು ಕೇಳುವ ಗ್ರಾಹಕರು ಎಲೆಕ್ಟ್ರಾನಿಕ್ಸ್ ವರ್ತಕರಿಗೆ ಹೊಸಬರಲ್ಲ. ಸಾಧನದಲ್ಲಿ ಅಂಕಿಗಳ ರೂಪದಲ್ಲಿರುವ ಹಾಡನ್ನು ಹೆಡ್‌ಫೋನಿಗೆ ಬೇಕಾದ ಅನಲಾಗ್ ಸಂಕೇತವಾಗಿ ಮಾರ್ಪಡಿಸುವ ಈ ಪರಿವರ್ತಕವನ್ನು ಮಾರುಕಟ್ಟೆಯಲ್ಲಿ ಡ್ಯಾಕ್ ಎಂದು ಕರೆಯಲಾಗುತ್ತದೆ. ಸಾಧನವನ್ನು ತಯಾರಿಸಿದವರು ಒಬ್ಬರು, ಡ್ಯಾಕ್ ತಯಾರಿಸಿದವರು ಇನ್ನೊಬ್ಬರು. ಇವೆರಡರ ನಡುವಿನ ಗೇಣುದ್ದದ ಕೇಬಲ್ಲನ್ನು ಒದಗಿಸುವವನು ಮಾತ್ರ ಸ್ಥಳೀಯ ವರ್ತಕ. ಹಾಡು ಕೇಳಿಸದಿದ್ದಾಗ ಗ್ರಾಹಕನು ಮೊದಲು ಬಂದು ನಿಲ್ಲುವುದೂ ಅವನ ಅಂಗಡಿಯ ಮುಂದೆಯೇ.

ಈ ಸರಕಿನಲ್ಲಿ ಬಿಡಿ ಲಾಭ ಚೆನ್ನಾಗಿ ಕಾಣುತ್ತದೆ. ಆದರೆ ಹಿಂತಿರುಗಿ ಬರುವ ಮಾಲು ಮತ್ತು ಮಾರಾಟವಾಗದೆ ಉಳಿಯುವ ದಾಸ್ತಾನು ಆ ಲಾಭವನ್ನು ಸದ್ದಿಲ್ಲದೆ ತಿಂದುಹಾಕುತ್ತವೆ. ಕೇಬಲ್ಲನ್ನು ಹೊಳಪು ಮತ್ತು ಬೆಲೆಯಿಂದಲ್ಲದೆ, ಅದು ಮಾಡಬೇಕಾದ ಕೆಲಸದಿಂದ ಅಳೆದು ಕೊಳ್ಳುವುದೊಂದೇ ಇದಕ್ಕೆ ಪರಿಹಾರ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲ ಪ್ರಶ್ನೆ: ಯಾವ ಸಂಕೇತ?

ಗ್ರಾಹಕನು ಎರಡೂ ಕಡೆ 3.5 ಮಿ.ಮೀ. ಪಿನ್ ಇರುವ ಸಾಮಾನ್ಯ ಕೇಬಲ್ ಕೇಳಿದರೆ ಕೂಡಲೇ ಬಿಲ್ ಹಾಕಬಾರದು. ಹೆಡ್‌ಫೋನ್ ರಂಧ್ರದಿಂದ ಹೊರಡುವುದು ಈಗಾಗಲೇ ಪರಿವರ್ತನೆಗೊಂಡ ಅನಲಾಗ್ ಸಂಕೇತ. ಅದನ್ನು ಆಂಪ್ಲಿಫಯರ್‌ಗೆ ಕೊಡಬಹುದೇ ಹೊರತು, ಅಂಕಿಗಳನ್ನು ಬೇಡುವ ಡ್ಯಾಕ್‌ಗೆ ಕೊಟ್ಟು ಫಲವಿಲ್ಲ. ಡ್ಯಾಕ್‌ಗೆ ಅಂಕಿಗಳನ್ನು ತಲುಪಿಸುವ ದಾರಿಗಳು ಮುಖ್ಯವಾಗಿ ಮೂರು.

(ಅ) ಯು.ಎಸ್.ಬಿ.: ಫೋನ್‌ಗಳಲ್ಲಿಯೂ ಈಗಿನ ಬಹುತೇಕ ಸಂಗೀತ ಸಾಧನಗಳಲ್ಲಿಯೂ ಇರುವುದು ಈ ದಾರಿ.

(ಆ) ಕೋಆಕ್ಸಿಯಲ್: ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ರೂಪಿಸಿದ ಎಸ್/ಪಿಡಿಐಎಫ್ ಪದ್ಧತಿಯಲ್ಲಿ ತಾಮ್ರದ ತಂತಿಯ ಮೂಲಕ ಅಂಕಿಗಳು ಸಾಗುತ್ತವೆ. ಇದಕ್ಕೆ 75 ಓಮ್ ಇಂಪೀಡೆನ್ಸ್‌ನ ಕೇಬಲ್ ಬೇಕು. ಸಾಮಾನ್ಯ ಕೆಂಪು-ಬಿಳಿ ಆಡಿಯೊ ಕೇಬಲ್ ಅತಿ ಚಿಕ್ಕ ಅಂತರದಲ್ಲಿ ಕೆಲಸ ಮಾಡಿದರೂ ಅದನ್ನು 75 ಓಮ್ ಕೇಬಲ್ ಎಂದು ಮಾರುವುದು ಸರಿಯಲ್ಲ. ಕೆಲವು ಸಾಧನಗಳಲ್ಲಿ ಈ ಸಂಕೇತವು 3.5 ಮಿ.ಮೀ. ರಂಧ್ರದಿಂದಲೇ ಹೊರಡುತ್ತದೆ, ಪಿನ್ನಿನ ಯಾವ ಬಳೆಗೆ ಸಂಕೇತ ಬರುತ್ತದೆ ಎಂಬುದು ಎಲ್ಲ ತಯಾರಕರಲ್ಲಿ ಒಂದೇ ರೀತಿ ಇಲ್ಲ. ಆದುದರಿಂದ ಸಾಧನದ ಮಾದರಿಯನ್ನು ಕೇಳದೆ ಈ ಕೇಬಲ್ ಕೊಡಬಾರದು.

(ಇ) ಆಪ್ಟಿಕಲ್: ತೊಷಿಬಾ ಕಂಪನಿಯು 1983ರಲ್ಲಿ ಹೊರತಂದ ಟಾಸ್‌ಲಿಂಕ್ ಕೇಬಲ್‌ನಲ್ಲಿ ಸಂಕೇತವು ಕೆಂಪು ಬೆಳಕಾಗಿ ಸಾಗುತ್ತದೆ. ವಿದ್ಯುತ್ ಸಂಪರ್ಕವೇ ಇಲ್ಲದ ಕಾರಣ ಗುಂಯ್ ಎನ್ನುವ ಸದ್ದು ಈ ದಾರಿಯಲ್ಲಿ ಬರಲಾರದು. ಕಿಸೆಯ ಸಾಧನಗಳಲ್ಲಿ ಇದರ ಚಿಕ್ಕ ರೂಪವಾದ ಮಿನಿ ಟಾಸ್‌ಲಿಂಕ್ ಬಳಕೆಯಾಗಿದೆ. ಅದು ನೋಡಲು ಹೆಡ್‌ಫೋನ್ ಪಿನ್ನಿನಂತೆಯೇ ಇರುವುದರಿಂದ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದು ತಪ್ಪಿಗೆ ದಾರಿ.

2. ಎರಡನೆಯ ಪ್ರಶ್ನೆ: ಯಾವ ತುದಿ ಹೋಸ್ಟ್?

ಯು.ಎಸ್.ಬಿ. ಸಂಪರ್ಕದಲ್ಲಿ ಒಂದು ಕಡೆ ಆಜ್ಞೆ ನೀಡುವ ಹೋಸ್ಟ್, ಇನ್ನೊಂದು ಕಡೆ ಆಜ್ಞೆ ಪಾಲಿಸುವ ಉಪಕರಣ ಇರಲೇಬೇಕು. ಫೋನನ್ನು ಕಂಪ್ಯೂಟರಿಗೆ ಜೋಡಿಸಿದಾಗ ಫೋನ್ ಆಜ್ಞೆ ಪಾಲಿಸುತ್ತದೆ. ಡ್ಯಾಕ್‌ಗೆ ಜೋಡಿಸಿದಾಗ ಅದೇ ಫೋನ್ ಆಜ್ಞೆ ನೀಡಬೇಕಾಗುತ್ತದೆ. ಈ ಪಾತ್ರವನ್ನು ಫೋನಿಗೆ ತಿಳಿಸುವುದು ಕೇಬಲ್. ಪಿನ್ ಸರಿಯಾಗಿ ಕೂತರೂ ಹಾಡು ಬಾರದಿರುವ ಪ್ರಕರಣಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಹಳೆಯ ಮೈಕ್ರೊ ಯು.ಎಸ್.ಬಿ. ಪಿನ್ನಿನಲ್ಲಿ ಐದು ಸಂಪರ್ಕಗಳಿವೆ. ಅವುಗಳಲ್ಲಿ ಐಡಿ ಎಂಬ ಸಂಪರ್ಕವನ್ನು ಗ್ರೌಂಡ್‌ಗೆ ಸೇರಿಸಿದ್ದರೆ ಆ ತುದಿಯ ಸಾಧನವು ಹೋಸ್ಟ್ ಆಗುತ್ತದೆ. ಓ.ಟಿ.ಜಿ. ಕೇಬಲ್ ಎಂದು ಮಾರುವುದು ಇದನ್ನೇ. ಇಂತಹ ಕೇಬಲ್ಲಿಗೆ ದಿಕ್ಕು ಇರುತ್ತದೆ. ಎರಡೂ ತುದಿಗಳಲ್ಲಿ ಒಂದೇ ಬಗೆಯ ಪಿನ್ ಇದ್ದರೂ ತಿರುಗಿಸಿ ಹಾಕಿದರೆ ಕೆಲಸ ಮಾಡದು. ಹೋಸ್ಟ್ ತುದಿಗೆ ಗುರುತು ಹಾಕಿರುವ ಮಾಲನ್ನೇ ಕೊಳ್ಳುವುದು ಲೇಸು.

ಟೈಪ್-ಸಿ ಪಿನ್ನಿನಲ್ಲಿ ಈ ಕೆಲಸವನ್ನು ಸಿಸಿ ಎಂಬ ಸಂಪರ್ಕವು ನಿರ್ವಹಿಸುತ್ತದೆ. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಮೈಕ್ರೊ-ಬಿ ಇರುವ ಕೇಬಲ್ಲಿನ ಟೈಪ್-ಸಿ ತುದಿಯಲ್ಲಿ 5.1 ಕಿಲೊ ಓಮ್ ರೆಸಿಸ್ಟರನ್ನು ಗ್ರೌಂಡ್‌ಗೆ ಜೋಡಿಸಿರಬೇಕು. ಆಗ ಟೈಪ್-ಸಿ ಕಡೆಯ ಫೋನ್ ಹೋಸ್ಟ್ ಆಗುತ್ತದೆ. ಹಳೆಯ ಅಗಲ ಪಿನ್ನಿನಿಂದ ಟೈಪ್-ಸಿಗೆ ಹೋಗುವ ಕೇಬಲ್ಲಿನಲ್ಲಿ 56 ಕಿಲೊ ಓಮ್ ರೆಸಿಸ್ಟರನ್ನು ವಿದ್ಯುತ್ ತಂತಿಗೆ ಜೋಡಿಸಿರಬೇಕು. ಎರಡೂ ಕಡೆ ಟೈಪ್-ಸಿ ಇದ್ದಾಗ ಪಾತ್ರವನ್ನು ಉಪಕರಣಗಳೇ ನಿರ್ಧರಿಸಿಕೊಳ್ಳುತ್ತವೆ. ಡ್ಯಾಕ್‌ನೊಳಗೆ ಇರಬೇಕಾದ ರೆಸಿಸ್ಟರನ್ನು ತಯಾರಕರು ಕೈಬಿಟ್ಟಿದ್ದರೆ ಎಷ್ಟು ಬೆಲೆಯ ಸಿ-ಸಿ ಕೇಬಲ್ ಹಾಕಿದರೂ ಹಾಡು ಬಾರದು. ಅಂತಹ ಸಂದರ್ಭದಲ್ಲಿ ಫೋನಿಗೆ ಓ.ಟಿ.ಜಿ. ಅಡಾಪ್ಟರ್ ಹಾಕಿ, ಅದರಿಂದ ಮುಂದಕ್ಕೆ ಅಗಲ ಪಿನ್ನಿನ ಸಾಮಾನ್ಯ ಕೇಬಲ್ ಜೋಡಿಸಿದರೆ ಕೆಲಸ ಆಗುವುದುಂಟು.

ಚಾರ್ಜಿಂಗ್‌ಗೆ ಮಾತ್ರ ಮೀಸಲಾದ ಅಗ್ಗದ ಕೇಬಲ್‌ಗಳಲ್ಲಿ ದತ್ತಾಂಶದ ಎರಡು ತಂತಿಗಳೇ ಇರುವುದಿಲ್ಲ. ಹೊರನೋಟಕ್ಕೆ ವ್ಯತ್ಯಾಸ ತಿಳಿಯದ ಈ ಮಾಲನ್ನು ಅಂಗಡಿಯಲ್ಲಿ ಬೇರೆಯೇ ಇಡಬೇಕು.

3. ಮೂರನೆಯ ಪ್ರಶ್ನೆ: ಹೆಚ್ಚಿನ ಬೆಲೆ ಯಾವುದಕ್ಕೆ?

ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಮಾದರಿಗಳು, ತಲಾ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. 24 ಬಿಟ್, 192 ಕಿಲೊ ಹರ್ಟ್ಸ್‌ನ ಉನ್ನತ ಗುಣಮಟ್ಟದ ಹಾಡಿಗೂ ಬೇಕಾಗುವುದು 92,16,000 ಬಿಟ್ ಮಾತ್ರ. ಸಾಮಾನ್ಯ ಯು.ಎಸ್.ಬಿ. 2.0 ಕೇಬಲ್ಲಿನ ಮಾನಕ ವೇಗ ಸೆಕೆಂಡಿಗೆ 48 ಕೋಟಿ ಬಿಟ್. ಅಂದರೆ ಅತ್ಯುತ್ತಮ ಹಾಡು ಕೂಡ ಈ ವೇಗದ ಐವತ್ತರಲ್ಲಿ ಒಂದು ಭಾಗವನ್ನೂ ಬಳಸುವುದಿಲ್ಲ. ಆದ್ದರಿಂದ ಸಂಗೀತಕ್ಕಾಗಿ 10 ಅಥವಾ 40 ಗಿಗಾಬಿಟ್ ವೇಗದ ದುಬಾರಿ ಕೇಬಲ್ ಶಿಫಾರಸು ಮಾಡಲು ಆಧಾರವಿಲ್ಲ.

ಅಂಕಿಗಳು ತಪ್ಪಿದರೆ ಏನಾಗುತ್ತದೆ? ಯು.ಎಸ್.ಬಿ. ಆಡಿಯೊ ಪದ್ಧತಿಯಲ್ಲಿ ತಪ್ಪಿದ ಅಂಕಿಗಳನ್ನು ಮತ್ತೆ ಕಳುಹಿಸುವ ವ್ಯವಸ್ಥೆ ಇಲ್ಲ. ಆದುದರಿಂದ ಕೆಟ್ಟ ಕೇಬಲ್ಲಿನ ದೋಷವು ಚಟಪಟ ಸದ್ದಾಗಿ ಅಥವಾ ಹಾಡು ತುಂಡಾಗುವುದಾಗಿ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಕಿಗಳು ಸರಿಯಾಗಿ ತಲುಪಿದ ಮೇಲೆ ಬೆಳ್ಳಿ ಲೇಪನವು ಅವುಗಳಿಗೆ ಮಾಧುರ್ಯವನ್ನು ಸೇರಿಸಲಾರದು. ಚೆಕ್ಕನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತಂದರೂ ಅದರಲ್ಲಿ ಬರೆದ ಮೊತ್ತ ಹೆಚ್ಚಾಗದು.

ಹಾಗೆಂದು ಎಲ್ಲ ಕೇಬಲ್‌ಗಳೂ ಸಮಾನವಲ್ಲ. ಯು.ಎಸ್.ಬಿ. ಕೇಬಲ್ ಅಂಕಿಗಳ ಜೊತೆಗೆ ವಿದ್ಯುತ್ತನ್ನೂ ಒಯ್ಯುತ್ತದೆ. ತೆಳುವಾದ, ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಕುಸಿದು ಡ್ಯಾಕ್ ನಿಂತುಹೋಗಬಹುದು. ರಕ್ಷಾಕವಚ ಸರಿಯಿಲ್ಲದಿದ್ದರೆ ಫೋನಿನ ರೇಡಿಯೊ ಅಲೆಗಳ ಗದ್ದಲ ಒಳನುಗ್ಗಬಹುದು. ಆದ್ದರಿಂದ ಹೆಚ್ಚಿನ ಬೆಲೆಯನ್ನು ನಾಲ್ಕು ಸಂಗತಿಗಳಿಗೆ ಕೊಡಬಹುದು: ಸಾಕಷ್ಟು ದಪ್ಪದ ತಾಮ್ರ, ಎರಡೂ ತುದಿಗಳಲ್ಲಿ ಸರಿಯಾಗಿ ಬೆಸೆದ ರಕ್ಷಾಕವಚ, ಬಾಗಿದರೂ ಕೀಳದ ಕತ್ತು, ಸಡಿಲವಾಗದ ಪಿನ್. ಸಾಧನ ಮತ್ತು ಡ್ಯಾಕ್ ಎರಡನ್ನೂ ಒಟ್ಟಿಗೆ ಕಟ್ಟಿ ಕಿಸೆಯಲ್ಲಿಡುವವರಿಗೆ 10ರಿಂದ 20 ಸೆಂ.ಮೀ. ಉದ್ದ ಸಾಕು.

4. ತಯಾರಕರಿಗೆ ಒಂದು ಪಾಠ

2015ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅವರು ಮಾರುಕಟ್ಟೆಯ ಟೈಪ್-ಸಿ ಕೇಬಲ್‌ಗಳನ್ನು ಸ್ವತಃ ಕೊಂಡು ಪರೀಕ್ಷಿಸತೊಡಗಿದರು. ಹಲವು ಕೇಬಲ್‌ಗಳಲ್ಲಿ 56 ಕಿಲೊ ಓಮ್ ಇರಬೇಕಾದಲ್ಲಿ 10 ಕಿಲೊ ಓಮ್ ರೆಸಿಸ್ಟರ್ ಇತ್ತು. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಹಾಳುಮಾಡಿತು. ಅದರಲ್ಲಿ ವಿದ್ಯುತ್ ತಂತಿ ಮತ್ತು ಗ್ರೌಂಡ್ ತಂತಿ ಅದಲುಬದಲಾಗಿದ್ದವು. ಮರುತಿಂಗಳು ಅಮೆಜಾನ್ ಸಂಸ್ಥೆಯು ಮಾನಕಕ್ಕೆ ಅನುಗುಣವಲ್ಲದ ಟೈಪ್-ಸಿ ಕೇಬಲ್‌ಗಳ ಮಾರಾಟವನ್ನು ನಿಷೇಧಿಸಿತು. ಕೆಲವೇ ಪೈಸೆಗಳ ರೆಸಿಸ್ಟರ್ ಮತ್ತು ಒಂದು ನಿಮಿಷದ ಪರೀಕ್ಷೆಯನ್ನು ಕಡೆಗಣಿಸಿದ ತಯಾರಕರು ಇಡೀ ಮಾರುಕಟ್ಟೆಯನ್ನು ಕಳೆದುಕೊಂಡರು.

ಭಾರತೀಯ ಮಾನಕ ಬ್ಯೂರೋ ಟೈಪ್-ಸಿ ಪಿನ್ ಮತ್ತು ಕೇಬಲ್‌ಗಳಿಗೆ ಐಎಸ್/ಐಇಸಿ 62680-1-3: 2022 ಎಂಬ ಮಾನಕವನ್ನು ಪ್ರಕಟಿಸಿದೆ. ಸಣ್ಣ ಘಟಕಗಳು ಇದನ್ನು ಆಧಾರವಾಗಿಟ್ಟುಕೊಂಡು, ಪ್ರತಿಯೊಂದು ಕೇಬಲ್ಲಿನ ತಂತಿ ಸಂಪರ್ಕವನ್ನೂ ರೆಸಿಸ್ಟರ್ ಬೆಲೆಯನ್ನೂ ಪರೀಕ್ಷಿಸಿ ದಾಖಲಿಸುವುದು ಸೂಕ್ತ. ಟೈಪ್-ಸಿ ಎಕ್ಸ್‌ಟೆನ್ಷನ್ ಕೇಬಲ್‌ಗೆ ಮಾನಕದಲ್ಲಿ ಅವಕಾಶವಿಲ್ಲ ಎಂಬುದನ್ನೂ ಗಮನಿಸಬೇಕು.

5. ದಾಸ್ತಾನಿನ ಲೆಕ್ಕ

ಪಿನ್ನುಗಳ ಆಯುಷ್ಯ ಅಲ್ಪ. ಐಪಾಡ್‌ಗೆ 2003ರಲ್ಲಿ ಬಂದ 30 ಪಿನ್ನಿನ ಜೋಡಣೆಯ ಸ್ಥಾನವನ್ನು 2012ರಲ್ಲಿ ಲೈಟ್ನಿಂಗ್ ಪಡೆಯಿತು. 2022ರಲ್ಲಿ ಐಪಾಡ್ ತಯಾರಿಕೆಯೇ ನಿಂತಿತು. 2023ರ ಐಫೋನ್ 15ರಿಂದ ಟೈಪ್-ಸಿ ಬಂದಿತು. ಯುರೋಪಿಯನ್ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಟೈಪ್-ಸಿ ಕಡ್ಡಾಯಗೊಳಿಸಿತು. ಹಳೆಯ ಪಿನ್ನಿನ ಮಾಲನ್ನು ಸಗಟು ರಿಯಾಯಿತಿಗೆ ಮನಸೋತು ಕೊಳ್ಳುವ ಮುನ್ನ ಈ ಚರಿತ್ರೆಯನ್ನು ನೆನೆಯಬೇಕು.

ಒಂದು ಉದಾಹರಣೆ. ವರ್ತಕನೊಬ್ಬ ತೆರಿಗೆ ಬಿಟ್ಟು ತಲಾ ರೂ. 250ರಂತೆ 100 ಹಳೆಯ ಮಾದರಿಯ ಕೇಬಲ್ ಕೊಂಡು, ಶೇ. 18ರ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದಿದ್ದಾನೆ ಎಂದುಕೊಳ್ಳೋಣ. ವರ್ಷಾಂತ್ಯಕ್ಕೆ 30 ಉಳಿದಿವೆ. ಈಗ ತಲಾ ರೂ. 80ಕ್ಕೆ ಮಾತ್ರ ಮಾರಾಟವಾಗಬಲ್ಲವು. ಲೆಕ್ಕಪತ್ರ ಮಾನಕ-2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಮತ್ತು ನಿವ್ವಳ ವಸೂಲಿ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ರೂ. 7,500ರ ಮಾಲು ಪುಸ್ತಕದಲ್ಲಿ ರೂ. 2,400ಕ್ಕೆ ಇಳಿಯುತ್ತದೆ, ನಷ್ಟ ರೂ. 5,100. ಅದೇ ಮಾಲನ್ನು ಎಸೆದು ಪುಸ್ತಕದಿಂದ ತೆಗೆದುಹಾಕಿದರೆ ರೂ. 7,500 ಪೂರ್ಣ ನಷ್ಟ. ಅದರ ಮೇಲೆ ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)(ಎಚ್) ಪ್ರಕರಣದಂತೆ ರೂ. 1,350 ತೆರಿಗೆ ಜಮೆಯನ್ನೂ ಹಿಂತಿರುಗಿಸಬೇಕು, ಒಟ್ಟು ರೂ. 8,850. ಉಚಿತ ಕೊಡುಗೆಯಾಗಿ ಹಂಚಿದರೂ ಜಮೆ ಸಿಗದು. ಕಡಿಮೆ ಬೆಲೆಗಾದರೂ ಬಿಲ್ ಹಾಕಿ ಮಾರುವುದೇ ಲಾಭಕರ ಎಂಬುದು ಈ ಲೆಕ್ಕದಿಂದ ಸ್ಪಷ್ಟ.

6. ಕಾನೂನಿನ ಎಚ್ಚರಿಕೆ

ಸೂಕ್ತ ಪರೀಕ್ಷೆಯ ಆಧಾರವಿಲ್ಲದೆ ಸರಕಿನ ಕಾರ್ಯಕ್ಷಮತೆ ಅಥವಾ ಬಾಳಿಕೆಯ ಬಗ್ಗೆ ಭರವಸೆ ನೀಡುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಅದೇ ವರ್ಗಕ್ಕೆ ಸೇರುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ರೂ. 10 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಆದುದರಿಂದ ಪೊಟ್ಟಣದ ಮೇಲೆ ‘ಸ್ವರ್ಗೀಯ ಧ್ವನಿ’ ಎಂದು ಮುದ್ರಿಸುವುದಕ್ಕಿಂತ ‘ದತ್ತಾಂಶ ಸಹಿತ, ಯು.ಎಸ್.ಬಿ. 2.0, 15 ಸೆಂ.ಮೀ., ಟೈಪ್-ಸಿ ತುದಿ ಹೋಸ್ಟ್’ ಎಂದು ಮುದ್ರಿಸುವುದು ಸುರಕ್ಷಿತ. ಪೊಟ್ಟಣದಲ್ಲಿ ಮಾರುವಾಗ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ, ಆಮದು ಸರಕಾದರೆ ಮೂಲ ದೇಶ ಮುಂತಾದ ಕಡ್ಡಾಯ ವಿವರಗಳೂ ಇರಬೇಕು.

7. ಅನುಸರಿಸಬೇಕಾದ ಕ್ರಮ

ಒಟ್ಟಿನಲ್ಲಿ, ಈ ಸರಕನ್ನು ಮಾರುವವರು ಕೆಳಗಿನ ಕ್ರಮವನ್ನು ಪಾಲಿಸಬಹುದು:

• ಬಿಲ್ ಹಾಕುವ ಮುನ್ನ ಸಾಧನ ಮತ್ತು ಡ್ಯಾಕ್ ಎರಡರ ಮಾದರಿಯನ್ನೂ ಕೇಳಿ ಬಿಲ್ಲಿನಲ್ಲಿ ಬರೆಯುವುದು.

• ಕೌಂಟರಿನಲ್ಲಿ ಒಂದು ಸುಸ್ಥಿತಿಯ ಡ್ಯಾಕ್ ಇರಿಸಿಕೊಂಡು, ಗ್ರಾಹಕನ ಎದುರಿನಲ್ಲೇ ಹಾಡು ನುಡಿಸಿ, ಪಿನ್ನನ್ನು ಮೆಲ್ಲಗೆ ಅಲುಗಾಡಿಸಿ ತೋರಿಸುವುದು.

• ಚಾರ್ಜಿಂಗ್ ಕೇಬಲ್, ದತ್ತಾಂಶ ಕೇಬಲ್, ಓ.ಟಿ.ಜಿ. ಕೇಬಲ್‌ಗಳಿಗೆ ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕ ಪುಟ ಇಡುವುದು.

• ಹಳೆಯ ಪಿನ್ನಿನ ಮಾಲನ್ನು ಬೇಡಿಕೆ ಬಂದಂತೆ ಮಾತ್ರ ತರಿಸುವುದು.

• ಹಿಂತಿರುಗಿ ಬಂದ ಪ್ರತಿ ಕೇಬಲ್ಲಿನ ಕಾರಣವನ್ನು ದಾಖಲಿಸಿ, ಮಾರ್ಚ್ 31ರ ದಾಸ್ತಾನು ಎಣಿಕೆಯ ವೇಳೆಗೆ ಆ ಪಟ್ಟಿಯನ್ನು ಸರಬರಾಜುದಾರರ ಮುಂದಿಡುವುದು.

ಮುಂದಿನ ವರ್ಷದ ಖರೀದಿಯನ್ನು ಈ ಕೊನೆಯ ಪಟ್ಟಿಯ ಆಧಾರದ ಮೇಲೆ ನಿರ್ಧರಿಸಿದಲ್ಲಿ, ಯಾವ ಕೇಬಲ್ ನಿಜವಾಗಿ ಅಗ್ಗ, ಯಾವುದು ದುಬಾರಿ ಎಂಬುದನ್ನು ವರ್ತಕನ ಸ್ವಂತ ಪುಸ್ತಕವೇ ಹೇಳುತ್ತದೆ.