ನರೂಲಿ ತೆಗೆಸುವ ಮುನ್ನ

ಮದುವೆಯೋ ಶಿರಸಿ ಮಾರಿಜಾತ್ರೆಯೋ ಹತ್ತಿರ ಬಂದಾಗಲೇ ಕುತ್ತಿಗೆಯ ನರೂಲಿ ಕನ್ನಡಿಯಲ್ಲಿ ದೊಡ್ಡದಾಗಿ ಕಾಣತೊಡಗುತ್ತದೆ. ಕವಳದ ಸಂಚಿಯ ಸುಣ್ಣವನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಹಚ್ಚಲು ಹೋಗಬೇಡಿ. ಸುತ್ತಲಿನ ಚರ್ಮವೂ ಸುಟ್ಟು ಕಲೆ ಉಳಿಯುತ್ತದೆ. ಚರ್ಮರೋಗ ತಜ್ಞರಿಗೆ ಅದು ಕೆಲವೇ ನಿಮಿಷಗಳ ಕೆಲಸ.

ಹೆದರಿಕೆಯೇ? ಇರಲಿ, ಮುಚ್ಚಿಡಬೇಡಿ. ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಬೆಳಗಿನ ಬಸ್ಸಿಗೆ ಹೊರಡುವವರು, ಉಪವಾಸ ಬರಲು ವೈದ್ಯರು ಹೇಳಿರದಿದ್ದರೆ, ಎರಡು ದೋಸೆ ತಿಂದೇ ಬನ್ನಿ. ಖಾಲಿ ಹೊಟ್ಟೆಗೆ ಭಯ ಸೇರಿದರೆ ಸೂಜಿ ಕಂಡೊಡನೆ ಬವಳಿ ಬರುವುದುಂಟು. ಹಿಂದೆ ಹಾಗಾಗಿದ್ದರೆ ಮೊದಲೇ ತಿಳಿಸಿ, ಮಲಗಿಸಿಯೇ ಇಂಜೆಕ್ಷನ್ ಕೊಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ.

ಮರಗಟ್ಟಿಸುವ ಲಿಗ್ನೊಕೇನ್‌ಗೂ ಮಿತಿಯುಂಟು: ಅಡ್ರಿನಾಲಿನ್ ಬೆರೆಸದಿದ್ದರೆ ದೇಹತೂಕದ ಕಿಲೋಗೆ ಸುಮಾರು 4.5 ಮಿಲಿಗ್ರಾಂ. ಒಂದು ನರೂಲಿಗೆ ಬೇಕಾಗುವುದು ಅದರ ಚೂರು ಪಾಲು. ಆದರೂ ತುಟಿ ಜುಮುಗುಟ್ಟಿದರೆ, ಕಿವಿ ಗುಂಯ್ ಎಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ ತಕ್ಷಣ ಬಾಯಿಬಿಡಿ. ವೈದ್ಯರು ಅಡಿಕೆ ದರ ಕೇಳಿ ಮಾತಿಗೆಳೆದರೆ ಬರೀ ಹರಟೆ ಎಂದುಕೊಳ್ಳಬೇಡಿ. ನಿಮ್ಮ ನಾಲಿಗೆ ತೊದಲುತ್ತಿದೆಯೇ ಎಂದೂ ಅವರು ಗಮನಿಸುತ್ತಿರುತ್ತಾರೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದಾದರೆ ಗಾಢ ಉಗುರುಬಣ್ಣ ಒರೆಸಿಕೊಂಡು ಹೋಗಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಂಡ 21 ವರ್ಷದ ನಟಿ ತೀರಿಹೋದರು. ಅದು ದೊಡ್ಡ ಶಸ್ತ್ರಚಿಕಿತ್ಸೆ, ನರೂಲಿಗೆ ಹೋಲಿಕೆಯಲ್ಲ. ಆದರೆ ಆಮ್ಲಜನಕ, ತುರ್ತು ಔಷಧ ಇವೆಯೇ ಎಂದು ಎಲ್ಲಿಯಾದರೂ ಕೇಳಬಹುದು. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಬಣ್ಣ ಬದಲಿಸಿದ, ರಕ್ತ ಒಸರುವ ಮಚ್ಚೆಯನ್ನು ಮಾತ್ರ ಪಾರ್ಲರಿನಲ್ಲಿ ಸುಡಿಸಬೇಡಿ. ಅದು ಪರೀಕ್ಷೆಗೆ ಹೋಗಬೇಕು.