ಒಂದು ಆಂಪ್ಲಿಫೈಯರ್, ಎಂಟು ಕೊಠಡಿ

ಮಕ್ಕಳೇ, ಏಪ್ರಿಲ್ 14 ಬಂತೆಂದರೆ ಮೈಸೂರಿನ ಅಶೋಕಪುರಂನಲ್ಲಿ ಹಬ್ಬದ ಸಂಭ್ರಮ. ಅಂಬೇಡ್ಕರ್ ಜಯಂತಿಯ ಮೆರವಣಿಗೆ, ಹಾಡು, ಭಾಷಣ ಎಲ್ಲಕ್ಕೂ ಮೈಕ್ ಸೆಟ್ ಬೇಕು. ರೈಲು ನಿಲ್ದಾಣದಲ್ಲಿ ರೈಲು ಬರುವ ಸುದ್ದಿಯನ್ನು ತಿಳಿಸುವುದೂ ಸ್ಪೀಕರ್‌ಗಳೇ. ನಮ್ಮ ಶಾಲೆಯಲ್ಲೂ ನಾಡಗೀತೆ, ಬಾನುಲಿ ಪಾಠ, ಮುಖ್ಯೋಪಾಧ್ಯಾಯರ ಸೂಚನೆಗಳು ಕೊನೆಯ ಕೊಠಡಿಯ ಕೊನೆಯ ಸಾಲಿನವರೆಗೆ ಕೇಳಿಸಿದರೆ ಎಷ್ಟು ಚೆನ್ನ, ಅಲ್ಲವೇ?

ಶಾಲೆಯಲ್ಲಿ ಒಂದು ಆಂಪ್ಲಿಫೈಯರ್ ಇದೆ, ಎಂಟು ಕೊಠಡಿಗಳಿವೆ ಎಂದುಕೊಳ್ಳಿ. ಎಂಟು ಸ್ಪೀಕರ್ ತಂದು ಎಲ್ಲದರ ತಂತಿಗಳನ್ನೂ ಆಂಪ್ಲಿಫೈಯರ್ ಹಿಂದೆ ಸಿಕ್ಕಿಸಿಬಿಟ್ಟರೆ ಸಾಕೇ? ಸಾಲದು. ಹಾಗೆ ಮಾಡಿದರೆ ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟುಹೋಗಬಹುದು. ಏಕೆಂದು ತಿಳಿಯೋಣ ಬನ್ನಿ.

ಸ್ಪೀಕರ್ ಕೆಲಸ ಮಾಡುವುದು ಹೇಗೆ?

ಮೈಕ್ ನಮ್ಮ ಧ್ವನಿಯನ್ನು ಬಹಳ ದುರ್ಬಲವಾದ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆಂಪ್ಲಿಫೈಯರ್ ಅದನ್ನು ಬಲಪಡಿಸುತ್ತದೆ. ಸ್ಪೀಕರ್ ಅದನ್ನು ಮತ್ತೆ ಧ್ವನಿಯಾಗಿಸುತ್ತದೆ. ಸ್ಪೀಕರ್‌ನ ಒಳಗೆ ಒಂದು ಕಾಂತ, ಅದರ ನಡುವೆ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ಕಾಗದದ ಶಂಕು ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದೂ ಕಾಂತವಾಗಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಶಂಕು ಕಂಪಿಸಿ ಗಾಳಿಯನ್ನು ಕಂಪಿಸುತ್ತದೆ. ಅದೇ ನಮಗೆ ಕೇಳುವ ಧ್ವನಿ.

ಹಳೆಯ ಸ್ಪೀಕರ್ ಒಂದನ್ನು ತಿರುಗಿಸಿ ನೋಡಿ. '8 ಓಮ್, 10 ವ್ಯಾಟ್' ಎಂಬಂತೆ ಬರೆದಿರುತ್ತದೆ. ಓಮ್ ಎಂಬುದು ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ವ್ಯಾಟ್ ಎಂಬುದು ಅದು ತಾಳಿಕೊಳ್ಳಬಲ್ಲ ಸಾಮರ್ಥ್ಯ. ಆಂಪ್ಲಿಫೈಯರ್ ಮೇಲೂ ಇಂಥ ಅಂಕಿಗಳಿರುತ್ತವೆ. ಈ ಎರಡು ಬರಹಗಳನ್ನು ಹೊಂದಿಸುವುದೇ ಇಂದಿನ ಪಾಠ.

ಸ್ಪೀಕರ್ ಹೆಚ್ಚಿದರೆ ತಡೆ ಕಡಿಮೆ!

ನೀರಿನ ತೊಟ್ಟಿಗೆ ಒಂದು ನಲ್ಲಿ ಇದ್ದಾಗ ಸ್ವಲ್ಪ ನೀರು ಹರಿಯುತ್ತದೆ. ನಾಲ್ಕು ನಲ್ಲಿ ತೆರೆದರೆ ತೊಟ್ಟಿ ಬೇಗ ಬರಿದಾಗುತ್ತದೆ. ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದಾಗಲೂ ಹೀಗೆಯೇ. ವಿದ್ಯುತ್ತಿಗೆ ದಾರಿಗಳು ಹೆಚ್ಚುತ್ತವೆ, ಒಟ್ಟು ತಡೆ ಕಡಿಮೆಯಾಗುತ್ತದೆ, ಪ್ರವಾಹ ಹೆಚ್ಚುತ್ತದೆ.

ಆಂಪ್ಲಿಫೈಯರ್ 8 ವೋಲ್ಟ್ ಕೊಡುತ್ತಿದೆ ಎಂದಿಟ್ಟುಕೊಂಡು 8 ಓಮ್ ಸ್ಪೀಕರ್‌ಗಳ ಲೆಕ್ಕ ಮಾಡೋಣ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ.

1 ಸ್ಪೀಕರ್: ತಡೆ 8 ಓಮ್, ಪ್ರವಾಹ 1 ಆಂಪಿಯರ್
2 ಸ್ಪೀಕರ್: ತಡೆ 4 ಓಮ್, ಪ್ರವಾಹ 2 ಆಂಪಿಯರ್
4 ಸ್ಪೀಕರ್: ತಡೆ 2 ಓಮ್, ಪ್ರವಾಹ 4 ಆಂಪಿಯರ್
8 ಸ್ಪೀಕರ್: ತಡೆ 1 ಓಮ್, ಪ್ರವಾಹ 8 ಆಂಪಿಯರ್

ಆಂಪ್ಲಿಫೈಯರ್ ಮೇಲೆ '4 ಓಮ್' ಎಂದು ಬರೆದಿದ್ದರೆ, ಅದಕ್ಕಿಂತ ಕಡಿಮೆ ತಡೆಯನ್ನು ಅಲ್ಲಿಗೆ ಜೋಡಿಸಬಾರದು ಎಂದರ್ಥ. ಎಂಟು ಸ್ಪೀಕರ್‌ಗಳ 1 ಓಮ್ ತಡೆ ಅದಕ್ಕೆ ಹೊರಲಾರದ ಹೊರೆ.

ಹಾಗಾದರೆ ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸೋಣವೇ? ಆಗ ಎಂಟು ಸ್ಪೀಕರ್‌ಗಳ ತಡೆ 64 ಓಮ್. ಪ್ರವಾಹ ತೀರ ಕಡಿಮೆಯಾಗಿ ದನಿ ಕ್ಷೀಣಿಸುತ್ತದೆ. ಜೊತೆಗೆ ಹಳೆಯ ಸೀರಿಯಲ್ ಸೆಟ್ಟಿನ ದೀಪಗಳಂತೆ, ಒಂದರ ತಂತಿ ತುಂಡಾದರೆ ಎಲ್ಲವೂ ಮೌನ!

ನಾಲ್ಕೇ ಸ್ಪೀಕರ್ ಇದ್ದರೆ ಒಂದು ಉಪಾಯವಿದೆ. ಎರಡನ್ನು ಸರಣಿಯಲ್ಲಿ ಸೇರಿಸಿ, 16 ಓಮ್. ಉಳಿದ ಎರಡನ್ನೂ ಹಾಗೆಯೇ ಸೇರಿಸಿ, 16 ಓಮ್. ಈ ಎರಡು ಜೋಡಿಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ ಮತ್ತೆ 8 ಓಮ್!

ಶಿವನಸಮುದ್ರ ಕಲಿಸಿದ ಪಾಠ

ಎಂಟು ಕೊಠಡಿಗಳಿಗೆ ಇನ್ನೊಂದು ತೊಂದರೆ ಇದೆ. ಉದ್ದನೆಯ ತಂತಿಯೂ ವಿದ್ಯುತ್ತನ್ನು ತಡೆಯುತ್ತದೆ. ಸ್ವಲ್ಪ ಶಕ್ತಿ ತಂತಿಯಲ್ಲೇ ಶಾಖವಾಗಿ ನಷ್ಟವಾಗುತ್ತದೆ. ಪ್ರವಾಹವನ್ನು ಅದರಿಂದಲೇ ಗುಣಿಸಿ, ಮತ್ತೆ ತಂತಿಯ ತಡೆಯಿಂದ ಗುಣಿಸಿದರೆ ಈ ನಷ್ಟ ತಿಳಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ನಾಡಿನಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಲಾಯಿತು. ಅಷ್ಟು ದೂರಕ್ಕೆ ಸಾಗಿಸುವಾಗ ಪರಿವರ್ತಕದಿಂದ ವೋಲ್ಟೇಜನ್ನು ಹೆಚ್ಚಿಸಿದರು. ವೋಲ್ಟೇಜ್ ಹೆಚ್ಚಿದರೆ ಅದೇ ಶಕ್ತಿಗೆ ಕಡಿಮೆ ಪ್ರವಾಹ ಸಾಕು. ಪ್ರವಾಹ ಕಡಿಮೆಯಾದರೆ ನಷ್ಟವೂ ಕಡಿಮೆ. ಗಣಿಯಲ್ಲಿ ವೋಲ್ಟೇಜನ್ನು ಮತ್ತೆ ಇಳಿಸಿದರು.

ಶಾಲೆ, ನಿಲ್ದಾಣಗಳಿಗಾಗಿ ತಯಾರಾಗುವ ಅನೇಕ ಆಂಪ್ಲಿಫೈಯರ್‌ಗಳ ಹಿಂದೆ '100 ವೋಲ್ಟ್' ಎಂಬ ಜಾಗ ಇರುವುದು ಇದಕ್ಕಾಗಿಯೇ. ಪ್ರತಿ ಸ್ಪೀಕರ್ ಬಳಿ ವೋಲ್ಟೇಜನ್ನು ಇಳಿಸುವ ಪುಟ್ಟ ಪರಿವರ್ತಕ ಇರುತ್ತದೆ.

ಲೆಕ್ಕ ನೋಡಿ. ಕೊಠಡಿಗೆ 5 ವ್ಯಾಟ್‌ನಂತೆ ಎಂಟು ಕೊಠಡಿಗೆ 40 ವ್ಯಾಟ್ ಬೇಕು. 20 ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ 2 ಆಂಪಿಯರ್. ತಂತಿಯ ತಡೆ 2 ಓಮ್ ಆದರೆ ನಷ್ಟ 2 × 2 × 2 = 8 ವ್ಯಾಟ್. 100 ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ 0.4 ಆಂಪಿಯರ್. ನಷ್ಟ 0.4 × 0.4 × 2 = 0.32 ವ್ಯಾಟ್. ವೋಲ್ಟೇಜ್ ಐದು ಪಟ್ಟು ಹೆಚ್ಚಿತು, ನಷ್ಟ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯಿತು!

ಇಲ್ಲಿ ಹೊಂದಾಣಿಕೆಯೂ ಸುಲಭ. ಎಲ್ಲ ಸ್ಪೀಕರ್‌ಗಳಿಗೆ ನಿಗದಿಪಡಿಸಿದ ವ್ಯಾಟ್‌ಗಳನ್ನು ಕೂಡಿಸಿ. ಮೊತ್ತ ಆಂಪ್ಲಿಫೈಯರ್‌ನ ವ್ಯಾಟ್‌ಗಿಂತ ಕಡಿಮೆ ಇರಬೇಕು. 40 ವ್ಯಾಟ್‌ಗೆ 60 ವ್ಯಾಟ್‌ನ ಆಂಪ್ಲಿಫೈಯರ್ ಆರಾಮವಾಗಿ ಸಾಕು.

ಎಚ್ಚರಿಕೆ

* ಪರಿವರ್ತಕವಿಲ್ಲದ 8 ಓಮ್ ಸ್ಪೀಕರನ್ನು 100 ವೋಲ್ಟ್ ಜಾಗಕ್ಕೆ ಜೋಡಿಸಬಾರದು. ಅದು 12.5 ಆಂಪಿಯರ್ ಪ್ರವಾಹ ಕೇಳುತ್ತದೆ. ಸ್ಪೀಕರ್ ಸುಡಬಹುದು, ಆಂಪ್ಲಿಫೈಯರ್ ಕೆಡಬಹುದು.
* ದನಿ ಒಡೆದಂತೆ ಕೇಳಿದರೆ ಕೂಡಲೇ ವಾಲ್ಯೂಮ್ ತಗ್ಗಿಸಿ. ಅದು ಹೊರೆ ಮೀರಿದ ಸೂಚನೆ.
* ಆಂಪ್ಲಿಫೈಯರ್ ಚಾಲೂ ಇರುವಾಗ ಹಿಂಭಾಗದ ತಂತಿಗಳನ್ನು ಮುಟ್ಟಬೇಡಿ. ಶಾಕ್ ಹೊಡೆಯುತ್ತದೆ. ಜೋಡಣೆ ತಿಳಿದವರೇ ಮಾಡಲಿ, ಲೆಕ್ಕ ನೀವು ಮಾಡಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಕೆಟ್ಟ ರೇಡಿಯೋದಿಂದ ಬಿಚ್ಚಿದ ಸ್ಪೀಕರ್, 1.5 ವೋಲ್ಟ್‌ನ ಒಂದು ಟಾರ್ಚ್ ಸೆಲ್, ಎರಡು ತಂತಿ.

ಸ್ಪೀಕರ್‌ನ ಎರಡು ತುದಿಗಳಿಗೆ ತಂತಿ ಸಿಕ್ಕಿಸಿ, ಸೆಲ್‌ಗೆ ಒಂದು ಕ್ಷಣ ಮಾತ್ರ ತಾಗಿಸಿ. 'ಟಕ್' ಎಂಬ ಸದ್ದು ಬರುತ್ತದೆ. ಶಂಕು ಯಾವ ಕಡೆಗೆ ಚಲಿಸಿತು? ಸೆಲ್ಲನ್ನು ತಿರುಗಿಸಿ ಮತ್ತೆ ತಾಗಿಸಿ. ಈಗ ಯಾವ ಕಡೆಗೆ? ಒಂದೇ ಕೊಠಡಿಯ ಎರಡು ಸ್ಪೀಕರ್‌ಗಳಿಗೆ + ಮತ್ತು – ತುದಿಗಳನ್ನು ಒಂದೇ ರೀತಿ ಜೋಡಿಸಬೇಕು ಎನ್ನುವುದೇಕೆ ಎಂದು ಗೆಳೆಯರೊಡನೆ ಚರ್ಚಿಸಿ.

ಉತ್ತರಿಸಿ

1. 16 ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ ಎಷ್ಟು? '4 ಓಮ್' ಎಂದು ಬರೆದ ಆಂಪ್ಲಿಫೈಯರ್‌ಗೆ ಇವನ್ನು ಜೋಡಿಸಬಹುದೇ?
2. ಒಂದು ಶಾಲೆಯಲ್ಲಿ 5 ವ್ಯಾಟ್‌ನ ಆರು, 10 ವ್ಯಾಟ್‌ನ ನಾಲ್ಕು ಸ್ಪೀಕರ್‌ಗಳಿವೆ. 60 ವ್ಯಾಟ್‌ನ ಆಂಪ್ಲಿಫೈಯರ್ ಸಾಕೇ?
3. ನಿಮ್ಮ ಶಾಲೆಯ ಕೊಠಡಿಗಳನ್ನು ಎಣಿಸಿ. ಕೊಠಡಿಗೆ 5 ವ್ಯಾಟ್, ಅಂಗಳಕ್ಕೆ 20 ವ್ಯಾಟ್ ಬೇಕಾದರೆ ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್ ಬೇಕು? ಲೆಕ್ಕ ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.