ಜ್ವರ ಬಿಟ್ಟ ಮೇಲೆ ಬರುವ ಬೂಷ್ಟು



ಅಡಿಕೆ ತೋಟದ ಅಣಬೆ ರೋಗವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿದ್ದೇವೆ. ಸೋಗೆ ಹಳದಿಯಾಗಿ ಜೋಲುತ್ತದೆ, ಬುಡದಿಂದ ಕಂದು ರಸ ಒಸರುತ್ತದೆ, ಕೊನೆಗೆ ಬುಡದಲ್ಲಿ ಅಣಬೆ ಏಳುತ್ತದೆ. ಅಣಬೆ ಕಣ್ಣಿಗೆ ಬೀಳುವ ಹೊತ್ತಿಗೆ ಮರ ಕೈಬಿಟ್ಟು ಹೋಗಿರುತ್ತದೆ. ನೀರು ಬಸಿದು ಹೋಗದ, ಆರೈಕೆ ತಪ್ಪಿದ ತೋಟದಲ್ಲಿ ಈ ರೋಗದ ಹಾವಳಿ ಹೆಚ್ಚು ಎಂಬುದು ಕೃಷಿಕರಿಗೆ ಗೊತ್ತಿರುವ ಮಾತು. ಶಿಲೀಂಧ್ರ ಮಣ್ಣಿನಲ್ಲಿ ಕಾದಿರುತ್ತದೆ. ಮರ ಸೋತಾಗ ಮೇಲೇರುತ್ತದೆ.

ಮನುಷ್ಯನ ದೇಹಕ್ಕೂ ಇಂತಹ ವೈರಿಗಳಿವೆ. ಆರೋಗ್ಯವಂತನನ್ನು ಮುಟ್ಟದೆ, ದೊಡ್ಡ ಕಾಯಿಲೆಯಿಂದ ಸೋತವನನ್ನು ಹಿಡಿಯುವ ಸೋಂಕುಗಳನ್ನು ವೈದ್ಯರು ಅವಕಾಶವಾದಿ ಸೋಂಕುಗಳು ಎನ್ನುತ್ತಾರೆ. ಈ ಸಲ ಅವುಗಳಲ್ಲಿ ಅತ್ಯಂತ ಕ್ರೂರವಾದ ಒಂದನ್ನು ಕುರಿತು ತಿಳಿದುಕೊಳ್ಳೋಣ.

2021ರಲ್ಲಿ ಕಂಡದ್ದು

2021ರ ಏಪ್ರಿಲ್–ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಮನೆಮನೆಯಲ್ಲಿ ಕೇಳಿಬಂತು. ಇದರ ವೈದ್ಯಕೀಯ ಹೆಸರು ಮ್ಯೂಕರ್‌ಮೈಕೋಸಿಸ್. ಆ ವರ್ಷದ ಜುಲೈ ಮಧ್ಯದೊಳಗೆ ನಮ್ಮ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಇದು ತಗಲಿ, 4,300ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬದುಕಿದವರಲ್ಲಿ ಅನೇಕರು ಒಂದು ಕಣ್ಣನ್ನೋ ಮೇಲ್ದವಡೆಯನ್ನೋ ಕಳೆದುಕೊಂಡರು.

ನಾವು ಬಲ್ಲ ಒಂದು ಕೃಷಿಕ ಕುಟುಂಬದಲ್ಲಿ ಮನೆಯ ಯಜಮಾನರಿಗೆ ಜ್ವರ ಬಿಟ್ಟಿತ್ತು, ಪರೀಕ್ಷೆಯಲ್ಲಿ ಕೋವಿಡ್ ಇಲ್ಲವೆಂದೂ ಬಂದಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು. ವಾರದೊಳಗೆ ಎಡಗೆನ್ನೆ ಮರಗಟ್ಟಿತು, ಮೇಲಿನ ಹಲ್ಲು ನೋಯತೊಡಗಿತು. ಹಲ್ಲುನೋವೆಂದು ಲವಂಗದ ಎಣ್ಣೆ ಹಚ್ಚಿ ಐದು ದಿನ ಕಳೆದರು. ರೆಪ್ಪೆ ಬಾತು, ಒಂದು ವಸ್ತು ಎರಡಾಗಿ ಕಾಣತೊಡಗಿದ ಮೇಲೆ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯವರಿಗೆ ತಿಳಿದದ್ದೇ ಅಂದು. ಜ್ವರದ ಮೊದಲ ದಿನವೇ ನೆರೆಮನೆಯಲ್ಲಿ ಉಳಿದಿದ್ದ ಸ್ಟಿರಾಯ್ಡ್ ಮಾತ್ರೆಗಳನ್ನು ಅವರು ನುಂಗಲು ತೊಡಗಿದ್ದರಂತೆ.

ಎಲ್ಲಿಂದ ಬರುತ್ತದೆ?

ಈ ಶಿಲೀಂಧ್ರ ಹೊರಗಿನಿಂದ ಬಂದ ಹೊಸ ಪ್ರಾಣಿಯಲ್ಲ. ಹಳಸಿದ ಬ್ರೆಡ್ಡಿನ ಮೇಲೆ ಹತ್ತಿಯಂತೆ ಬೆಳೆಯುವ ಬೂಷ್ಟು ಇದರ ಬಳಗದ್ದೇ. ಮಣ್ಣು, ಹಟ್ಟಿಗೊಬ್ಬರ, ಕೊಳೆತ ತರಗೆಲೆ, ಒದ್ದೆಯಾದ ಬೈಹುಲ್ಲು, ಎಲ್ಲ ಕಡೆಯೂ ಇದರ ಬೀಜಕಣಗಳಿವೆ. ಗೊಬ್ಬರ ಕೆದಕಿದಾಗ ಅವು ಗಾಳಿಗೆ ಹಾರಿ ನಮ್ಮ ಮೂಗನ್ನು ಸೇರುತ್ತವೆ. ಸಾಮಾನ್ಯವಾಗಿ ರಕ್ತದ ಬಿಳಿಕಣಗಳು ಅವನ್ನು ಅಲ್ಲಿಯೇ ಕೊಂದುಹಾಕುತ್ತವೆ.

ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. 2021ರಲ್ಲಿ ಹಲವರು ರೋಗಿಯ ಹತ್ತಿರ ಹೋಗಲು ಹೆದರಿದರು. ಆ ಹೆದರಿಕೆಗೆ ಕಾರಣವಿರಲಿಲ್ಲ. ನೀರುಳ್ಳಿಯ ಮೇಲಿನ ಕಪ್ಪು ಹುಡಿಯಿಂದ ಈ ರೋಗ ಬರುತ್ತದೆಂದೂ ಸುದ್ದಿ ಹಬ್ಬಿತ್ತು. ಅದು ಬೇರೆ ಜಾತಿಯ ಬೂಷ್ಟು. ಈ ಶಿಲೀಂಧ್ರದ ಬಣ್ಣವೂ ಕಪ್ಪಲ್ಲ. ಇದು ರಕ್ತನಾಳಗಳ ಒಳಗೆ ಬೆಳೆದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ಆ ಹೆಸರು ಬಂದದ್ದು ಹಾಗೆ.

ಬಾಗಿಲು ತೆರೆಯುವುದು ಯಾವುದು?

ಮುಖ್ಯವಾದ ಕಾರಣಗಳು ಎರಡು. ಮೊದಲನೆಯದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿಕಣಗಳು ಮಂಕಾಗುತ್ತವೆ. ಸಕ್ಕರೆ ತೀರಾ ಏರಿ ರಕ್ತ ಆಮ್ಲೀಯವಾದರೆ, ರಕ್ತದಲ್ಲಿ ಕಟ್ಟಿಹಾಕಿದಂತಿದ್ದ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಶಿಲೀಂಧ್ರಕ್ಕೆ ಆ ಕಬ್ಬಿಣವೇ ಗೊಬ್ಬರ.

ಎರಡನೆಯದು ಸ್ಟಿರಾಯ್ಡ್ ಔಷಧ. ಇದು ಕೆಟ್ಟ ಮದ್ದಲ್ಲ. ಆಮ್ಲಜನಕ ಬೇಕಾಗುವಷ್ಟು ಉಸಿರಾಟ ಕೆಟ್ಟ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆಂದು ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ದೊಡ್ಡ ಪ್ರಯೋಗ ತೋರಿಸಿತು. ಅಲ್ಲಿ ಕೊಟ್ಟದ್ದು ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಆಮ್ಲಜನಕ ಬೇಡವಾಗಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಸ್ಟಿರಾಯ್ಡ್ ಬಿಳಿಕಣಗಳ ಶಕ್ತಿಯನ್ನು ಕುಗ್ಗಿಸುತ್ತದೆ, ಜೊತೆಗೆ ಸಕ್ಕರೆಯನ್ನೂ ಏರಿಸುತ್ತದೆ. ಆದ್ದರಿಂದ ಅಗತ್ಯವಿಲ್ಲದವರು ತೆಗೆದುಕೊಂಡರೆ, ಅಥವಾ ಅಳತೆ ಮೀರಿ ಬಳಸಿದರೆ, ವೈರಿಗೆ ನಾವೇ ಬಾಗಿಲು ತೆರೆದಂತೆ.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿತು. ಆದರೆ ಸಕ್ಕರೆ ಕಾಯಿಲೆ ನಮ್ಮ ಮನೆಗಳನ್ನು ಬಿಟ್ಟಿಲ್ಲ, ಚೀಟಿಯಿಲ್ಲದೆ ಮಾತ್ರೆ ನುಂಗುವ ಅಭ್ಯಾಸವೂ ಬಿಟ್ಟಿಲ್ಲ. ಆದುದರಿಂದ ಈ ಪಾಠ ಹಳತಾಗಿಲ್ಲ.

ಲಕ್ಷಣಗಳು

ಶಿಲೀಂಧ್ರ ಮೂಗಿನಿಂದ ಕೆನ್ನೆಯ ಹಿಂದಿನ ಗಾಳಿಗೂಡುಗಳಿಗೆ, ಅಲ್ಲಿಂದ ಅಂಗುಳಕ್ಕೆ, ಕಣ್ಣಿಗೆ, ಕೊನೆಗೆ ಮೆದುಳಿಗೆ ಸಾಗುತ್ತದೆ. ಕಾಯಿಲೆಯಿಂದ ಏಳುತ್ತಿರುವವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಇವುಗಳಲ್ಲಿ ಒಂದು ಕಂಡರೂ ಎಚ್ಚರಗೊಳ್ಳಬೇಕು:

1. ಮುಖದ ಒಂದೇ ಬದಿಯಲ್ಲಿ ನೋವು, ಬಾವು ಅಥವಾ ಮರಗಟ್ಟುವಿಕೆ.
2. ಮೂಗು ಕಟ್ಟುವುದು, ರಕ್ತ ಬೆರೆತ ಇಲ್ಲವೆ ಕಪ್ಪಾದ ಸಿಂಬಳ.
3. ಮೇಲಿನ ಹಲ್ಲುಗಳ ನೋವು, ಹಲ್ಲು ಅಲುಗಾಡುವುದು, ಅಂಗುಳದಲ್ಲಿ ಕಪ್ಪು ಕಲೆ.
4. ಕಣ್ಣು ಬಾಯುವುದು, ರೆಪ್ಪೆ ಜೋಲುವುದು, ದೃಷ್ಟಿ ಮಂಜಾಗುವುದು ಅಥವಾ ಎರಡೆರಡಾಗಿ ಕಾಣುವುದು.

ಇದಕ್ಕೆ ‘ನಾಳೆ ನೋಡೋಣ’ ಎಂಬ ಮಾತು ಸಲ್ಲದು. ಅದೇ ದಿನ ಕಿವಿ-ಮೂಗು-ಗಂಟಲಿನ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು. ನಮ್ಮಂತಹ ಗಡಿನಾಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹೆಚ್ಚಾಗಿ ಮಂಗಳೂರು. ದಾರಿ ದೂರವೆಂದು ತಡಮಾಡುವ ಒಂದೊಂದು ದಿನಕ್ಕೂ ಬೆಲೆ ತೆರಬೇಕಾದೀತು.

ಚಿಕಿತ್ಸೆ

ವೈದ್ಯರು ದುರ್ಬೀನಿನಿಂದ ಮೂಗಿನ ಒಳಭಾಗವನ್ನು ನೋಡಿ, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಎಲ್ಲಿಯವರೆಗೆ ಹರಡಿದೆ ಎಂದು ಸ್ಕ್ಯಾನ್ ಮಾಡಿಸುತ್ತಾರೆ. ಮುಖ್ಯ ಔಷಧ ಆಂಫೊಟೆರಿಸಿನ್-ಬಿ, ರಕ್ತನಾಳದ ಮೂಲಕ ಕೊಡುವಂಥದ್ದು. ವಿಶೇಷವೆಂದರೆ, ಇದು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ದೊರೆತ ಮದ್ದು. ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದಾದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಸತ್ತ ಭಾಗಕ್ಕೆ ರಕ್ತ ಹರಿಯದೆ ಮದ್ದು ತಲುಪುವುದಿಲ್ಲ. ಆದ್ದರಿಂದ ಅದನ್ನು ಶಸ್ತ್ರಕ್ರಿಯೆಯಿಂದ ತೆಗೆಯಲೇಬೇಕಾಗುತ್ತದೆ. ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆ ಈ ಶಿಲೀಂಧ್ರದ ಮೇಲೆ ಕೆಲಸ ಮಾಡದು. ಅಂಗಡಿಯಿಂದ ಅದನ್ನು ತಂದು ದಿನ ಕಳೆಯಬಾರದು.

ಇನ್ನೆರಡು ಮಾತು. ಕಾಯಿಲೆಯ ಬಳಿಕ ನಾಲಿಗೆ, ಕೆನ್ನೆಯ ಒಳಬದಿಯಲ್ಲಿ ಮೊಸರಿನಂತಹ ಬಿಳಿ ಪದರ ಕಂಡರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಬೇರೆ ಶಿಲೀಂಧ್ರ. ಸುಲಭವಾಗಿ ವಾಸಿಯಾಗುತ್ತದೆ, ಆದರೂ ವೈದ್ಯರಿಗೆ ತೋರಿಸಬೇಕು. ತೀವ್ರವಾದ ಫ್ಲೂ ಅಥವಾ ಕೋವಿಡ್ ಬಂದು ಹೋದ ಮೇಲೆ ಮತ್ತೆ ಜ್ವರ, ರಕ್ತ ಬೆರೆತ ಕಫ ಕಾಣಿಸಿದರೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದಿರಲೂಬಹುದು, ಪರೀಕ್ಷೆ ಅಗತ್ಯ.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ವೈದ್ಯರ ಚೀಟಿಯಿಲ್ಲದೆ ಸ್ಟಿರಾಯ್ಡ್ ಬೇಡ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವವರು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ.
2. ನಲವತ್ತು ದಾಟಿದ ಪ್ರತಿಯೊಬ್ಬರೂ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಇದ್ದರೆ ವೈದ್ಯರನ್ನು ಕಾಣಲೇಬೇಕು. ಸ್ಟಿರಾಯ್ಡ್ ಪಡೆದವರು ಮನೆಗೆ ಬಂದ ಬಳಿಕವೂ ಪರೀಕ್ಷೆ ಮುಂದುವರಿಸಬೇಕು.
3. ಸಕ್ಕರೆ ಕಾಯಿಲೆ ಇರುವವರಿಗೆ ‘ನಿತ್ರಾಣ’ ಎಂದು ಗ್ಲೂಕೋಸ್ ಹುಡಿ, ಬೆಲ್ಲದ ಕಷಾಯ ಕುಡಿಸಬೇಡಿ. ಗಂಜಿಯೊಂದನ್ನೇ ಕೊಡದೆ ಹೆಸರು, ಮೀನು, ಮೊಟ್ಟೆ, ತರಕಾರಿಯೂ ಇರಲಿ.
4. ಕಾಯಿಲೆಯಿಂದ ಎದ್ದವರು ಕೆಲವು ವಾರ ಹಟ್ಟಿಗೊಬ್ಬರ ತೆಗೆಯುವ, ತರಗೆಲೆ ಗುಡಿಸುವ, ಹಳೆಯ ಹುಲ್ಲು ಕೆದಕುವ ಕೆಲಸಕ್ಕೆ ಇಳಿಯಬಾರದು. ಅನಿವಾರ್ಯವಾದರೆ ಮಾಸ್ಕ್, ಕೈಗವಸು, ಬೂಟು ಇರಲಿ. ಬಂದ ಕೂಡಲೇ ಸ್ನಾನ.
5. ಹಲ್ಲು, ಬಾಯಿ ಶುಚಿಯಾಗಿರಲಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಟ್ಟು ತೊಳೆಯಬೇಕು.

ನಾಲ್ಕನೆಯದು ಕೃಷಿಕರಿಗೆ ಎಲ್ಲಕ್ಕಿಂತ ಕಷ್ಟ. ಹಟ್ಟಿಯಲ್ಲಿ ದನ ಕೂಗುವಾಗ ಮಲಗಿರುವುದು ಹೇಗೆ? ಇಲ್ಲಿಯೇ ನೆರೆಹೊರೆ ಬೇಕು. ನಮ್ಮ ವಾಳೆಯಲ್ಲಿ ಒಬ್ಬರು ದೊಡ್ಡ ಕಾಯಿಲೆಯಿಂದ ಮನೆಗೆ ಮರಳಿದರೆ, ಹಣ್ಣು ಹಿಡಿದು ನೋಡಲು ಹೋಗುವುದರ ಜೊತೆಗೆ ಅವರ ಹಟ್ಟಿಯ ಕೆಲಸವನ್ನು ಎರಡು ವಾರ ಹಂಚಿಕೊಳ್ಳೋಣ. ಹೊರಡುವ ಮುನ್ನ ಮುಖದಲ್ಲಿ ನೋವಿದೆಯೇ, ಸಕ್ಕರೆ ನೋಡಿಸಿದ್ದೀರಾ ಎಂದೂ ಕೇಳೋಣ. ಆ ಯಜಮಾನರ ಮನೆಯಲ್ಲಿ ಮೊದಲ ದಿನವೇ ಯಾರಾದರೂ ಇದನ್ನು ಕೇಳಿದ್ದರೆ ಅವರ ಎಡಗಣ್ಣು ಉಳಿಯುತ್ತಿತ್ತೇನೋ.